ರಿಲೇ ಮೇಲಿನ ಹಳದಿ ವೈರು

ಟಿಕ್. ಆಂಪ್ಲಿಫೈಯರಿನ ಸ್ವಿಚ್ ಹಾಕಿ ಮೂರು ಎಣಿಸುವ ಹೊತ್ತಿಗೆ ಒಳಗಿನಿಂದ ಆ ಶಬ್ದ ಬರಬೇಕು. ನೆಟಿಕೆ ಮುರಿದಷ್ಟೇ ಸಣ್ಣದು. ಕುಶಾಲನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಶಿವಪ್ರಕಾಶನ ರಿಪೇರಿ ಅಂಗಡಿಯಲ್ಲಿ, ಅದು ದಿನಕ್ಕೆ ಹತ್ತಾರು ಸಲ ಕೇಳಿಸುತ್ತಿತ್ತು. ಒಳಗೆ ಎಲ್ಲವೂ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಸ್ಪೀಕರಿನ ದಾರಿಯನ್ನು ತೆರೆಯುವ ಶಬ್ದ ಅದು. ತೆರೆಯುವುದು ರಿಲೇ ಎಂಬ ಪುಟ್ಟ ಡಬ್ಬಿ. ಏನಾದರೂ ಕೆಟ್ಟಿತೋ, ಅದು ದಾರಿ ಮುಚ್ಚಿಬಿಡುತ್ತದೆ. ಮುಂದೆ ಕೆಂಪು ದೀಪ ಹೊತ್ತಿ ಹಾಡು ನಿಲ್ಲುತ್ತದೆ, ಸ್ಪೀಕರು ಉಳಿಯುತ್ತದೆ.

ಶಿವಪ್ರಕಾಶನ ಅಪ್ಪ ಅರಕಲಗೂಡಿನ ಕಡೆಯಿಂದ ಶುಂಠಿ ಬೆಳೆಯಲು ಬಂದು ಇಲ್ಲೇ ನೆಲೆ ನಿಂತವರು. ಮಗನಿಗೆ ಹೊಲ ಒಗ್ಗಲಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಹರಡಿಕೊಂಡು ಬೈಸಿಕೊಳ್ಳುತ್ತಿದ್ದವನು ಮೈಸೂರಿನಲ್ಲಿ ಆರು ವರ್ಷ ಒಬ್ಬರ ಕೈಕೆಳಗೆ ಕೂತು ಕಲಿತು ಬಂದ. ಈಗ ಅವನಿಗೆ ಐವತ್ತೊಂದು. ಕೊಡ್ಲಿಪೇಟೆಯಿಂದ ಕರಿಕೆಯವರೆಗೆ ಎಲ್ಲಿ ಮೈಕ್‌ಸೆಟ್ ಕಟ್ಟಿದರೂ ಅದರಲ್ಲೊಂದು ಪೆಟ್ಟಿಗೆಯಾದರೂ ಅವನ ಮೇಜು ಹತ್ತಿ ಇಳಿದಿರುತ್ತಿತ್ತು. ರಿಪೇರಿ ಮುಗಿದ ಮೇಲೆ ಮುಚ್ಚಳದ ಒಳಬದಿಯಲ್ಲಿ ಪೆನ್ಸಿಲಿನಿಂದ ತಾರೀಕು ಬರೆದು ಸಹಿ ಹಾಕುವುದು ಅವನ ಅಭ್ಯಾಸ. ಆ ಸಹಿ ಇದ್ದರೆ ಯಾರೂ ಇನ್ನೊಂದು ಪ್ರಶ್ನೆ ಕೇಳುತ್ತಿರಲಿಲ್ಲ. ಮೆತ್ತಗಿನ ಮನುಷ್ಯ, ಜೋರು ಮಾತಿಲ್ಲ. ಆದರೆ ಆ ಸಹಿಯ ಬಗ್ಗೆ ಒಳಗೊಳಗೇ ಜಂಬವಿತ್ತು.

ಆ ಸೋಮವಾರ ಬೆಳಿಗ್ಗೆ ಕೆಂಪಣ್ಣನವರ ಪಿಕಪ್ ಅಂಗಡಿಯೆದುರು ನಿಂತಿತು. ಊರಿನ ದೊಡ್ಡ ಸೌಂಡ್‌ಸೆಟ್ ಅವರದು. ಹಿಂದಿನಿಂದ ಆಂಪ್ಲಿ ಹೊತ್ತು ಇಳಿದವನು ಆನಂದ್, ಹದಿನಾಲ್ಕು ವರ್ಷದಿಂದ ಅವರ ಸೆಟ್ಟಿಗೆ ಕೂರುವ ಆಪರೇಟರ್, ನಲವತ್ತು ದಾಟಿದವನು. ಅವನ ಬಲಗೈಗೆ ಬಟ್ಟೆ ಸುತ್ತಿತ್ತು.

ನಡೆದದ್ದನ್ನು ಕೆಂಪಣ್ಣನೇ ಹೇಳಿದರು. ಭಾನುವಾರ ಕೊಡ್ಲಿಪೇಟೆಯ ಮದುವೆಯಲ್ಲಿ, ಸರಿಯಾಗಿ ಧಾರೆಯ ಹೊತ್ತಿಗೆ, ಸ್ಪೀಕರಿನಿಂದ ಹೊಗೆ ಎದ್ದಿತ್ತು. ಪಕ್ಕದ ಅಲಂಕಾರದ ಬಟ್ಟೆಗೆ ಬೆಂಕಿ ಹತ್ತಿತು. ಜನ ಕುರ್ಚಿ ಉರುಳಿಸಿಕೊಂಡು ಓಡಿದರು. ಹುಡುಗಿಯ ಅಜ್ಜಿ ಬಿದ್ದು ಮೊಣಕಾಲು ಊದಿಸಿಕೊಂಡರು. ಆನಂದ್ ಬರಿಗೈಯಲ್ಲಿ ಬಟ್ಟೆ ಎಳೆದು ತುಳಿದು ಆರಿಸಿದ್ದ. ಆದರೂ ಹುಡುಗಿಯ ಕಡೆಯವರು, ಕುಡಿದು ವಾಲ್ಯೂಮ್ ಏರಿಸಿದ್ದಾನೆ ಎಂದು ಅವನ ಮೇಲೇ ಎರಗಿದರು. ಕೆಂಪಣ್ಣನಿಗೂ ಅದೇ ಅನುಮಾನ.

"ಬಿಚ್ಚಿ ನೋಡಿ ನೀನೇ ಹೇಳು ಪ್ರಕಾಶ. ಇವನದೇನೂ ತಪ್ಪಿಲ್ಲ ಅಂತ ನೀನಂದ್ರೆ ಇರ್ತಾನೆ. ಏರಿಸಿದಾನೆ ಅಂದ್ರೆ ಇವತ್ತೇ ಕಳಿಸ್ತೀನಿ."

ಶಿವಪ್ರಕಾಶ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದ. ಒಳಬದಿಯಲ್ಲಿ ಅವನದೇ ಸಹಿ. ಕೆಳಗೆ, ರಿಲೇಯ ಎರಡು ಕಾಲುಗಳನ್ನು ಸೇರಿಸಿ ಬೆಸುಗೆ ಹಾಕಿದ, ಬೆರಳುದ್ದದ ಹಳದಿ ವೈರು.

ಅದು ಹೋದ ವರ್ಷ ಗಣೇಶನ ಹಬ್ಬದ ಗಡಿಬಿಡಿಯಲ್ಲಿ ಹಾಕಿದ್ದು. ಎರಡು ಸ್ಪೀಕರ್ ಬಾಕ್ಸ್ ಹಾಕಬೇಕಾದ ಕಡೆ ಕೆಂಪಣ್ಣ ನಾಲ್ಕು ಹಾಕುತ್ತಿದ್ದರು. ಭಾರ ತಾಳದ ಆಂಪ್ಲಿ ಹಾಡಿನ ಮಧ್ಯೆ ಕೆಂಪು ದೀಪ ತೋರಿಸಿ ನಿಲ್ಲುತ್ತಿತ್ತು. ಬಾಕ್ಸ್ ಕಡಿಮೆ ಮಾಡಿ ಎಂದು ಶಿವಪ್ರಕಾಶ ಹೇಳಿದಾಗ ಅವರು ನಕ್ಕಿದ್ದರು. ಅದು ಮೂರನೆಯ ಸಲ ವಾಪಸು ಬಂದಾಗ, ಪ್ರಕಾಶನ ಕೈಯಲ್ಲೂ ಆಗದಿದ್ದರೆ ಮಡಿಕೇರಿಗೇ ಒಯ್ಯುತ್ತೇನೆ ಎಂದರು. ಆ ಮಾತು ಚುಚ್ಚಿತು. ಅವನು ಸ್ಪೀಕರಿನ ದಾರಿ ಎಂದೂ ಮುಚ್ಚದಂತೆ ರಿಲೇಗೆ ಅಡ್ಡ ವೈರು ಹಾಕಿದ. ಶಬ್ದ ಮಿತಿ ಮೀರಿದರೆ ತಾನಾಗಿ ತಗ್ಗಿಸುವ ಲಿಮಿಟರನ್ನೂ ಆಫ್ ಮಾಡಿದ. ಏನು ಮಾಡಿದೆನೆಂದು ಯಾರಿಗೂ ಹೇಳದೆ, ಸರಿಯಾಯಿತು ಎಂದು ಸಹಿ ಹಾಕಿ ಕೊಟ್ಟ. ಆಂಪ್ಲಿ ಮತ್ತೆ ನಿಲ್ಲಲಿಲ್ಲ. ನಿಲ್ಲಲೇಬೇಕಾದ ದಿನವೂ ನಿಲ್ಲಲಿಲ್ಲ. ಒಳಗೆ ಒಂದು ಟ್ರಾನ್ಸಿಸ್ಟರ್ ಸುಟ್ಟು, ಕರೆಂಟು ಆ ವೈರಿನ ದಾರಿಯಲ್ಲಿ ನೇರವಾಗಿ ಸ್ಪೀಕರಿಗೆ ನುಗ್ಗಿತ್ತು.

ಕೆಂಪಣ್ಣನಿಗೆ ಫೋನು ಬಂತು. ಮಾತಾಡುತ್ತ ಓಣಿಗೆ ಇಳಿದರು. ಆನಂದ್ ಮೇಜಿನ ಹತ್ತಿರ ಬಾಗಿದ.

"ನಾನು ವಾಲ್ಯೂಮ್ ಅರ್ಧದ ಗೆರೆ ದಾಟಿಸಿಲ್ಲ ಪ್ರಕಾಶಣ್ಣ. ಕುಡಿಯೋದು ಬಿಟ್ಟು ಆರು ವರ್ಷ ಆಯ್ತು, ನಿಮಗೇ ಗೊತ್ತಲ್ಲ." ಸ್ವಲ್ಪ ತಡೆದು ಮತ್ತೆ ಹೇಳಿದ. "ಹೋದ ವರ್ಷದಿಂದ ಒಂದು ವಿಷಯ. ಸ್ವಿಚ್ ಹಾಕಿದ ಕೂಡ್ಲೆ ಬಾಕ್ಸಲ್ಲಿ ಧಬ್ ಅಂತಿತ್ತು. ಟಿಕ್ ಅನ್ನೋದು ಆಮೇಲೆ. ಮೊದಲು ಹಾಗಿರ್ಲಿಲ್ಲ. ಅದೇನಾದ್ರೂ..."

ಅವನ ಕಿವಿ ಹಿಡಿದದ್ದು ಆ ವೈರನ್ನೇ. ಶಿವಪ್ರಕಾಶನ ಮುಖ ಬಿಸಿಯಾಯಿತು. ಅವನ ಕೈ ತಾನಾಗಿ ಮುಚ್ಚಳವನ್ನು ಮತ್ತೆ ಪೆಟ್ಟಿಗೆಯ ಮೇಲೆ ಎಳೆಯಿತು.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ," ಎಂದ.

"ನೀವಂದ್ಮೇಲೆ ಆಯ್ತು ಬಿಡಿ," ಎಂದು ಆನಂದ್ ನೆಟ್ಟಗಾದ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ನಂಬಿಬಿಟ್ಟಿದ್ದ. ಕೆಂಪಣ್ಣ ಒಳಬಂದು ಹುಬ್ಬೇರಿಸಿ ನೋಡಿದಾಗ ಶಿವಪ್ರಕಾಶ, ಓವರ್‌ಲೋಡ್ ಆಗಿದೆ ಎಂದ. ಪೂರ್ತಿ ಸುಳ್ಳಲ್ಲವಲ್ಲ ಎಂದು ಆ ಪದವನ್ನು ಹುಡುಕಿ ಹಿಡಿದುಕೊಂಡಿದ್ದ. ಕೆಂಪಣ್ಣ ಆನಂದನ ಕಡೆ ಕೈ ಚಾಚಿದರು. ಆನಂದ್ ಎಡಗೈಯಲ್ಲಿ ತಡಕಾಡಿ, ಬಲಗಡೆಯ ಜೇಬಿನಿಂದ ಸೆಟ್ ಇಡುವ ಕೋಣೆಯ ಬೀಗದಕೈ ತೆಗೆದುಕೊಟ್ಟ. ಶಿವಪ್ರಕಾಶ ಬೆಸುಗೆಯ ಕಡ್ಡಿಯ ತುದಿ ಒರೆಸುತ್ತ ತಲೆ ತಗ್ಗಿಸಿಯೇ ಇದ್ದ.

ಮೂರು ದಿನ ಅಂಗಡಿಗೆ ಬಂದವರ ಮುಖ ನೋಡಿ ಅವನಿಂದ ಮಾತಾಡಲಾಗಲಿಲ್ಲ. ಯಾರೋ ಬಂದು, ನೀವು ನೋಡಿದ್ರೆ ಸಾಕು ಎಂದರೆ ಏನೋ ಹುಡುಕುವವನಂತೆ ಬೆನ್ನು ತಿರುಗಿಸುತ್ತಿದ್ದ. ಪೆನ್ಸಿಲ್ ಕೈಗೆ ತೆಗೆದುಕೊಂಡು ಸಹಿ ಹಾಕದೆಯೇ ಇಟ್ಟ. ಗುರುವಾರ ಟೀ ಅಂಗಡಿಯಲ್ಲಿ ಸುದ್ದಿ ಕೇಳಿದ. ಆನಂದ್ ಸುತ್ತಿದ ಕೈಯಲ್ಲೇ ಕೂಡಿಗೆಯ ಕಡೆ ಶುಂಠಿ ತೊಳೆಯುವ ಕೆಲಸ ಕೇಳಲು ಹೋಗಿದ್ದನಂತೆ. ಮದುವೆಮನೆಗೆ ಬೆಂಕಿ ಇಟ್ಟ ಕುಡುಕ ನಮಗೆ ಬೇಡ ಎಂದು ಅಲ್ಲಿಯೂ ಕಳಿಸಿದರಂತೆ. ಅಲ್ಲಿ ಕೂತವರು ನಕ್ಕರು. ಶಿವಪ್ರಕಾಶ ಲೋಟ ಇಟ್ಟು ಎದ್ದ, ಅಂಗಡಿಗೆ ಹೋಗಿ ಆಂಪ್ಲಿಯ ಮುಚ್ಚಳ ತೆಗೆದು, ಅಲ್ಲಿಂದ ನೇರ ಕೆಂಪಣ್ಣನ ಮನೆಗೆ ಹೋದ.

ಜಗಲಿಯಲ್ಲಿ ಕೂತು, ಬಿಚ್ಚಿ ತಂದಿದ್ದ ಹಳದಿ ವೈರನ್ನು ಟೀಪಾಯಿಯ ಮೇಲಿಟ್ಟು, ಎಲ್ಲವನ್ನೂ ಹೇಳಿದ. ಬೈಸಿಕೊಳ್ಳಲು ಸಿದ್ಧನಾಗಿಯೇ ಬಂದಿದ್ದ. ಕೆಂಪಣ್ಣ ವೈರನ್ನು ತಿರುಗಿಸಿ ನೋಡಿದರು, ಬಾಗಿಲ ಕಡೆ ಒಮ್ಮೆ ಕಣ್ಣಾಡಿಸಿ ದನಿ ತಗ್ಗಿಸಿದರು.

"ಇದನ್ನ ಇನ್ಯಾರ ಹತ್ರನೂ ಆಡಬೇಡ. ಅವನನ್ನ ಕಳಿಸಿದೀನಿ ಅಂದ್ಮೇಲೆ ಹುಡುಗಿ ಕಡೆಯವರು ಸುಮ್ಮನಾದ್ರು. ಈಗ ನಮ್ಮ ಸೆಟ್ಟೇ ಸರಿ ಇರ್ಲಿಲ್ಲ ಅಂದ್ರೆ ನನ್ನನ್ನ ಯಾರು ಕರೀತಾರೆ, ನಿನ್ನ ಹತ್ರ ಯಾರು ಬರ್ತಾರೆ?"

"ಆನಂದ ಕುಡಿದಿರ್ಲಿಲ್ಲ ಅಣ್ಣ."

"ಮೊದಲು ಕುಡೀತಿದ್ನಲ್ಲ." ಕೆಂಪಣ್ಣ ಹಗುರಾಗಿ ನಕ್ಕರು. "ಒಂದು ಮಾತು ಹೇಳ್ತೀನಿ ಕೇಳು. ಈ ವೈರು ಹಾಕಿದ್ಮೇಲೆ ವರ್ಷವಿಡೀ ಒಂದ್ಸಲನೂ ನಿಂತಿಲ್ಲ ಅದು. ಇನ್ನೆರಡು ಆಂಪ್ಲಿ ಒಳಗಿವೆ ಮಾರಾಯ, ಪದೇ ಪದೇ ಕೆಂಪು ದೀಪ ತೋರಿಸ್ತಾವೆ. ಅವಕ್ಕೂ ಒಂದೊಂದು ಹಾಕಿಕೊಟ್ರೆ, ಮುಂದಿನ ವಾರ ಸೋಮವಾರಪೇಟೆಲಿ..."

ಶಿವಪ್ರಕಾಶ ಎದ್ದ. ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲು ಇಳಿದ. ಆನಂದನ ಮನೆ ಮುಳ್ಳುಸೋಗೆಯಲ್ಲಿ, ನಡೆದರೆ ಅರ್ಧ ಗಂಟೆಯ ದಾರಿ. ಬಾಗಿಲು ತೆರೆದಾಗ ಮೊದಲ ಮಾತು ಏನಾಡಬೇಕೆಂದು ಅವನಿಗಿನ್ನೂ ಹೊಳೆದಿರಲಿಲ್ಲ. ಹಿಂದೆ ಜಗಲಿಯಲ್ಲಿ ಕೆಂಪಣ್ಣ, ಕಾಫಿ ಬರ್ತಿದೆ ಕೂತ್ಕೊ ಎನ್ನುತ್ತ, ಯಾವ ಆಂಪ್ಲಿ ಮೊದಲು ಕಳಿಸಲಿ ಎಂದು ಕೇಳುತ್ತಲೇ ಇದ್ದರು. ಅವನು ಗೇಟು ದಾಟಿ ಮುಳ್ಳುಸೋಗೆಯ ರಸ್ತೆಗೆ ಬಿದ್ದ.