ಪಿಕಳಾರದ ಗೂಡಿನ ಫೋಟೋ

ನಾನು ಚಿಕ್ಕವಳಿದ್ದಾಗ ಫೋಟೋ ಎಂದರೆ ತಲೆಗೆ ಎಣ್ಣೆ ಹಚ್ಚಿ, ಮುಖಕ್ಕೆ ಪೌಡರ್ ಬಳಿದುಕೊಂಡು, ಉಸಿರು ಬಿಗಿಹಿಡಿದು ಕೂರುವ ಕೆಲಸ. ಸೋಮವಾರಪೇಟೆಯಲ್ಲಿ ಅಪ್ಪನ ಸ್ಟುಡಿಯೋ ಇತ್ತು. ಮದುವೆಯ ಗಂಡು ಹೆಣ್ಣು, ನಾಮಕರಣದ ಮಗು, ಪರೀಕ್ಷೆಯ ಅರ್ಜಿಗೆ ಅಂಟಿಸುವ ಚಿಕ್ಕ ಫೋಟೋ, ಇಷ್ಟೇ ಅವರ ಲೋಕ. ಆ ವರ್ಷ ಮಾದಾಪುರದ ಕಡೆಯ ಒಬ್ಬ ತೋಟದ ಸಾಹುಕಾರರು, ಹಕ್ಕಿ ಮರಿಗಳಿಗೆ ಗುಟುಕು ಕೊಡುವ ಫೋಟೋ ತಮ್ಮ ಬಂಗಲೆಯ ಗೋಡೆಗೆ ಬೇಕೆಂದು ಹೇಳಿಕಳಿಸಿದರು. ಅಪ್ಪ ಮೊದಲ ಸಲ ಕ್ಯಾಮರಾ ಹಿಡಿದುಕೊಂಡು ಪಾರ್ಕಿಗೆ ಹೊರಟರು.

ಪಾರ್ಕಿನ ದಾಸವಾಳದ ಬೇಲಿಯಲ್ಲಿ ಪಿಕಳಾರ ಗೂಡು ಕಟ್ಟಿತ್ತು. ತಲೆಯ ಮೇಲೆ ಚೂಪು ಜುಟ್ಟು, ಕೆನ್ನೆಯಲ್ಲಿ ಕುಂಕುಮದ ಬೊಟ್ಟಿನಷ್ಟು ಕೆಂಪು ಇರುವ ಹಕ್ಕಿ ಅದು. ಗೂಡಿನಲ್ಲಿ ಮೂರು ಮರಿಗಳು. ಮೈಯೆಲ್ಲ ನಸುಗೆಂಪು ಚರ್ಮ, ಬೆನ್ನ ಮೇಲೆ ಆಗಷ್ಟೇ ಮೂಡುತ್ತಿದ್ದ ಗರಿಯ ಕಡ್ಡಿಗಳು. ಎಲೆ ಅಲುಗಿದರೆ ಸಾಕು, ಅಮ್ಮ ಬಂದಳೆಂದು ಮೂರೂ ಬಾಯಿ ತೆರೆಯುತ್ತಿದ್ದವು. ಅಕ್ಕನೂ ನಾನೂ ಶಾಲೆಗೆ ಹೋಗುವಾಗೊಮ್ಮೆ, ಬರುವಾಗೊಮ್ಮೆ ಇಣುಕುತ್ತಿದ್ದೆವು. ಅವು ಹಾರುವುದನ್ನು ಕಣ್ಣಾರೆ ನೋಡಬೇಕು, ನನಗಿದ್ದದ್ದು ಅದೊಂದೇ ಆಸೆ.

ಗೂಡಿನ ಮೇಲೆ ಎಲೆಗಳು ಒತ್ತಾಗಿ ಕವಿದಿದ್ದರಿಂದ ಒಳಗೆ ಬೆಳಕು ಬೀಳುತ್ತಿರಲಿಲ್ಲ. ಅಪ್ಪ ಕೊಂಬೆ ಕಡಿಯಲಿಲ್ಲ. ಬಾಳೆನಾರು ನೆನೆಸಿ ತಂದು, ರೆಂಬೆಗಳನ್ನು ಮೆಲ್ಲಗೆ ಬಾಗಿಸಿ ಪಕ್ಕಕ್ಕೆ ಕಟ್ಟಿದರು. ಕೆಲಸ ಮುಗಿದ ಮೇಲೆ ಬಿಚ್ಚಿದರೆ ಗೂಡಿಗೆ ಮತ್ತೆ ನೆರಳು. ಆಮೇಲೆ ಕ್ಯಾಮರಾಕ್ಕೆ ಸೊಪ್ಪು ಹೊದಿಸಿ ಕಾದರು. ಹಕ್ಕಿ ಹುಳ ಕಚ್ಚಿಕೊಂಡು ಬರುವುದು, ಕ್ಯಾಮರಾ ಕಂಡು ತಿರುಗಿ ಹೋಗುವುದು. ಅದು ಧೈರ್ಯ ಮಾಡಿ ಗೂಡಿನ ಅಂಚಿಗೆ ಬರುವ ಹೊತ್ತಿಗೆ ಮೋಡ ಕವಿದು ಬೆಳಕು ಹೋಯಿತು.

"ಕಟ್ಟು ಬಿಚ್ಚಿಬಿಡಿ ಅಪ್ಪ. ಮಳೆ ಬರೋ ಹಂಗಿದೆ," ಎಂದಳು ಅಕ್ಕ.

"ದಿನಾ ಹಿಂಗೇ ಮೋಡ ಆಗಿ ಹೋಗ್ತಾ ಇದೆ. ಈಗ ಬಿಚ್ಚಿದ್ರೆ ಬೆಳಿಗ್ಗೆ ಮತ್ತೆ ಕಟ್ಟಬೇಕು, ಹಕ್ಕಿ ಮತ್ತೆ ಹೆದರ್ತದೆ."

"ಹಕ್ಕಿ ಹೆದರ್ತದೆ ಅಂತ ಈಗ ಗೊತ್ತಾಯ್ತಾ ನಿಮಗೆ?"

"ಬಾಯಿ ಮುಚ್ಚಿಕೊಂಡು ಸ್ಟ್ಯಾಂಡ್ ಹಿಡ್ಕೊ."

ಊರೆಲ್ಲ ಆಕಾಶ ನೋಡುತ್ತಿದ್ದ ದಿನಗಳವು. ಕಾಫಿ ಗಿಡದ ಮೊಗ್ಗು ಅರಳಬೇಕಾದರೆ ಬೇಸಗೆಯ ಮೊದಲಲ್ಲಿ ಒಂದು ಒಳ್ಳೆಯ ಮಳೆ ಬೇಕು. ಅದನ್ನು ಹೂಮಳೆ ಎನ್ನುತ್ತೇವೆ. ಆ ಸಲ ಅದು ಬಾರದೆ ತೋಟದವರ ಮುಖ ಬಾಡಿತ್ತು. ನಾವು ಸ್ಟುಡಿಯೋ ಮುಟ್ಟುವಷ್ಟರಲ್ಲಿ ಹನಿ ಶುರುವಾಯಿತು, ಹಿಂದೆಯೇ ಆಲಿಕಲ್ಲು. ತಗಡಿನ ಮಾಡಿನ ಮೇಲೆ ಮಾತು ಕೇಳಿಸದಷ್ಟು ಸದ್ದು. ಸಾಹುಕಾರರ ತೋಟದ ಲೆಕ್ಕ ನೋಡುವ ರೈಟರು ತೊಯ್ದು ತೊಪ್ಪೆಯಾಗಿ, ನಗುತ್ತಾ ಒಳಗೆ ಓಡಿಬಂದರು.

"ಬಂತಲ್ಲ ಮಾರಾಯ್ರೇ ಹೂಮಳೆ. ನಮ್ಮ ಸಾಹುಕಾರ್ರು ಇವತ್ತು ಹೊಟ್ಟೆ ತುಂಬ ಉಣ್ತಾರೆ," ಎಂದು ಪಕ್ಕದ ಹೋಟೆಲಿನಿಂದ ಎಲ್ಲರಿಗೂ ಕಾಫಿ ತರಿಸಿದರು.

ಅಕ್ಕ ಕೊಡೆ ಎತ್ತಿಕೊಂಡಳು, ನಾನು ಅವಳ ಹಿಂದೆ. ಅಪ್ಪ ಇಬ್ಬರ ರಟ್ಟೆ ಹಿಡಿದು ಒಳಗೆಳೆದರು. "ತಲೆ ಒಡ್ಕೊಳ್ತೀರ? ಎಷ್ಟು ದಪ್ಪ ಕಲ್ಲು ನೋಡಿ."

"ಮರಿಗಳ ತಲೆ?" ಎಂದೆ ನಾನು.

ರೈಟರು ನಕ್ಕರು. "ಹಕ್ಕಿಗೆ ಮಳೆ ಹೊಸದಾ ಮಗಾ? ತಾಯಿ ಮುಚ್ಚಿಕೊಂಡು ಕೂತಿರ್ತದೆ. ಕಾಫಿ ಕುಡಿ, ಆರ್ತದೆ."

ನಾನು ಕುಡಿದೆ. ಸಕ್ಕರೆ ಜಾಸ್ತಿ ಇತ್ತು.

ಮರುದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ದಾಸವಾಳದ ಎಲೆಗಳು ಹರಿದು ನೆಲದ ತುಂಬ ಬಿದ್ದಿದ್ದವು. ಅಪ್ಪ ಕಟ್ಟಿದ ನಾರು ಮಾತ್ರ ಎಲ್ಲೂ ಸಡಿಲವಾಗಿರಲಿಲ್ಲ. ತೊಯ್ದ ಗೂಡಿನಲ್ಲಿ ಮೂರು ಮರಿಗಳೂ ಅಂಚಿಗೆ ಕತ್ತು ಆನಿಸಿ ಮಲಗಿದ್ದವು. ನಾನು ಬೆರಳಿನಿಂದ ಮುಟ್ಟಿದೆ. ತಣ್ಣಗಿದ್ದವು.

ಅಕ್ಕ ಅಳುತ್ತಾ ಕಟ್ಟು ಬಿಚ್ಚಲು ಕೈ ಹಾಕಿದಳು. ಅಷ್ಟರಲ್ಲಿ ಹಕ್ಕಿ ಬಂತು, ಕೊಕ್ಕಿನಲ್ಲಿ ಒಂದು ಹಸಿರು ಹುಳ. ಈಗ ಅದಕ್ಕೆ ನಮ್ಮ ಹೆದರಿಕೆಯೂ ಇಲ್ಲ, ಕ್ಯಾಮರಾದ ಹೆದರಿಕೆಯೂ ಇಲ್ಲ. ಒಂದು ಮರಿಯ ಬಾಯಿಗೆ ಹುಳ ತಾಗಿಸಿತು. ಬಾಯಿ ತೆರೆಯಲಿಲ್ಲ. ಇನ್ನೊಂದಕ್ಕೆ ತಾಗಿಸಿತು. ಮತ್ತೆ ಮೊದಲನೆಯದಕ್ಕೆ.

"ತಡಿ," ಎಂದು ಅಪ್ಪ ಅಕ್ಕನ ಕೈ ಸರಿಸಿದರು. ಕ್ಯಾಮರಾ ಕ್ಲಿಕ್ ಎಂದಿತು. ರೀಲು ಮುಗಿಯುವ ತನಕ ಕ್ಲಿಕ್ ಎನ್ನುತ್ತಲೇ ಇತ್ತು. ಆಮೇಲೆ ಅಪ್ಪನೇ ಕಟ್ಟು ಬಿಚ್ಚಿದರು. ಉಳಿದ ಎಲೆಗಳೊಂದಿಗೆ ರೆಂಬೆಗಳು ತಮ್ಮ ಜಾಗಕ್ಕೆ ಬಂದು ಗೂಡನ್ನು ಚೆನ್ನಾಗಿ ಮುಚ್ಚಿದವು.

ಮುಂದಿನ ವಾರ ತೋಟಗಳೆಲ್ಲ ಬೆಳ್ಳಗೆ ಅರಳಿ, ಊರಿಡೀ ಕಾಫಿ ಹೂವಿನ ಪರಿಮಳ ತುಂಬಿದಾಗ ಫೋಟೋ ಸಾಹುಕಾರರ ಗೋಡೆ ಸೇರಿತು. ಇನ್ನೊಂದು ಪ್ರತಿ ಸ್ಟುಡಿಯೋದ ಗಾಜಿನೊಳಗೆ ನಿಂತಿತು. ಕಪ್ಪುಬಿಳುಪಿನಲ್ಲಿ ಹಕ್ಕಿಯ ಕೆನ್ನೆಯ ಕೆಂಪು ಬಂದಿರಲಿಲ್ಲ. "ತಾಯಿ ಕರುಳು ಅಂದ್ರೆ ಇದು ನೋಡಿ," "ಮರಿಗಳಿಗೆ ಎಂಥ ಸುಖದ ನಿದ್ದೆ," ಎಂದು ಬಂದವರೆಲ್ಲ ಹೊಗಳಿದರು. ಅಪ್ಪ ಹೌದು ಹೌದು ಎನ್ನುತ್ತಿದ್ದರು. ಅಕ್ಕ ಮದುವೆಯಾಗಿ ಹೋಗುವ ತನಕವೂ ಸ್ಟುಡಿಯೋ ದಾಟುವಾಗ ರಸ್ತೆಯ ಆಚೆ ಬದಿಯಲ್ಲೇ ನಡೆದಳು.

ನಿಮ್ಮ ಕಾಲ ಬೇರೆ ಮಕ್ಕಳೇ. ನೀವು ಕೊಂಬೆ ಬಾಗಿಸಬೇಕಿಲ್ಲ, ರೀಲು ಮುಗಿಯುವ ಚಿಂತೆಯಿಲ್ಲ. ಪಾರ್ಕಿನ ಬೆಂಚಿನಲ್ಲಿ ಕೂತೇ ಮರದ ತುದಿಯ ಗೂಡನ್ನು ಹತ್ತಿರ ತಂದುಕೊಳ್ಳುತ್ತೀರಿ. ಮೊನ್ನೆ ನನ್ನ ಮೊಮ್ಮಗಳು ಆ ಹಳೆಯ ಫೋಟೋವನ್ನು ಫೋನಿನಲ್ಲಿ ಹಿಡಿದು, ಎರಡು ಬೆರಳಿನಿಂದ ಹಿಗ್ಗಿಸಿದಳು. ಊರು ಅಷ್ಟು ವರ್ಷ ನೋಡಿಯೂ ಕಾಣದ್ದು ಅವಳಿಗೆ ಕಂಡಿತು.

"ಅಜ್ಜಿ, ಇದರ ಕಣ್ಣಲ್ಲಿ ಇರುವೆ."

"ಹೌದು."

"ಸತ್ತೋಗಿದ್ಯಾ?"

"ಮೂರೂ."

"ಮತ್ಯಾಕೆ ಫೋಟೋ ತೆಗೆದ್ರು?"

"ಬಿಸಿಲು ಚೆನ್ನಾಗಿತ್ತು ಪುಟ್ಟಿ," ಎಂದೆ. ಅಪ್ಪ ನಮಗೆ ಬೇರೇನೂ ಹೇಳಿರಲಿಲ್ಲ.