ಬೆಲ್ಟಿನ ಮೇಲೆ ತೊಮಿಜೊನ ತಿಥಿಯೂಟ

ಬೆಳಿಗ್ಗೆ ಎದ್ದಾಗಿನಿಂದ ಶಿಗೆನೊಗೆ ನಗು. ಗಂಡ ಸತ್ತು ಅವತ್ತಿಗೆ ನಲವತ್ತೊಂಬತ್ತನೇ ದಿನ. ನಗುವ ದಿನವಲ್ಲ. ಆದರೂ ಬಿಕ್ಕಳಿಕೆಯ ಹಾಗೆ ಗಂಟಲಿಗೆ ಬಂದು ಕೂತಿತ್ತು. ಗುಡಿಯಲ್ಲಿ ಮಂತ್ರದ ನಡುವೆ ಗಿಜುನ್ ಗುರುಗಳ ಹೊಟ್ಟೆ ಗುರ್ರ್ ಅಂತು. ಶಿಗೆನೊ ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಳು. ಭುಜ ಕುಣಿಯಿತು. ಪಕ್ಕದಲ್ಲಿ ಕೂತ ಮಗಳು ನಾಗಿಸಾ, ಪಾಪ ಅಮ್ಮ ಅಳ್ತಿದಾಳೆ ಅಂತ ಬೆನ್ನು ಸವರಿದಳು. ಅದಕ್ಕೆ ಇನ್ನೂ ನಗು ಬಂತು.

ಬೂದಿಯ ಗಡಿಗೆ ಮಣ್ಣು ಸೇರಿತು. ಇನ್ನು ಊಟ. ಇಷ್ಟು ದಿನ ಮನೆಯಲ್ಲಿ ಮೀನಿಲ್ಲ, ಮಾಂಸವಿಲ್ಲ, ಬರೀ ಸೊಪ್ಪು, ಸೋಯಾ ಗಿಣ್ಣು. ಇವತ್ತು ಮನೆಯವರೆಲ್ಲ ಒಟ್ಟಿಗೆ ಕೂತು ಮೀನು ತಿಂದರೆ ಸೂತಕ ಕಳೆಯಿತು. ಅವರ ಊರು ಹಾಚಿನೊಹೆಯಲ್ಲಿ ಮರ್ಯಾದಸ್ಥರು ಇದಕ್ಕೆ ಬಂದರಿನ ಹತ್ತಿರದ ಹಳೇ ಊಟದ ಮನೆಗೆ ಹೋಗುತ್ತಾರೆ. ಅಲ್ಲಿ ಮಂಡಿ ಮಡಿಸಿ ಕೂರಬೇಕು. ಮೆಲ್ಲಗೆ ಮಾತಾಡಬೇಕು.

ಶಿಗೆನೊ ಹೊರಟದ್ದು ಹೆದ್ದಾರಿ ಪಕ್ಕದ ಬೆಲ್ಟಿನ ಸುಶಿ ಅಂಗಡಿಗೆ. ಊರೂರಿಗೂ ಅದರದೊಂದು ಶಾಖೆ ಇದೆ. ಪರದೆಯ ಮೇಲೆ ಒತ್ತಿದರೆ ಅನ್ನದ ಉಂಡೆಯ ಮೇಲೆ ಮೀನಿಟ್ಟ ತಟ್ಟೆ ತಾನೇ ಬೆಲ್ಟಿನ ಮೇಲೆ ಓಡಿ ಬರುತ್ತದೆ. ಭಾನುವಾರ ಮಕ್ಕಳ ಗದ್ದಲದಲ್ಲಿ ನಮ್ಮ ಮಾತು ನಮಗೇ ಕೇಳಿಸುವುದಿಲ್ಲ.

ಇದು ಗಂಡ ತೊಮಿಜೊನದೇ ಆಸೆ. ಅವನು ತತಾಮಿ ಹೊಲಿಯುವವನು, ಹುಲ್ಲಿನ ದಪ್ಪ ಚಾಪೆಯನ್ನು ಮನೆಮನೆಯ ನೆಲಕ್ಕೆ ಕೂರಿಸುವವನು. ಆಸ್ಪತ್ರೆಯಲ್ಲಿ ಮಲಗಿಕೊಂಡು ಹೇಳಿದ್ದ: "ನನ್ನ ಊಟಕ್ಕೆ ಯಾರನ್ನೂ ಮಂಡಿ ಮೇಲೆ ಕೂರಿಸಬೇಡ ಕಣೆ. ಜೀವಮಾನ ಪೂರ್ತಿ ನಾನು ಕೂತಿದ್ದು ಸಾಕು. ಎಲ್ಲರನ್ನೂ ಬೆಲ್ಟಿಗೆ ಕರ್ಕೊಂಡ್ ಹೋಗು." ಶಿಗೆನೊ ಆಗಲಿ ಅಂದಿದ್ದಳು.

ಅಡ್ಡ ಬಂದವಳು ಫುಸಾಕೊ, ತೊಮಿಜೊನ ಅಕ್ಕ. ತಾಯಿ ಬೇಗ ಹೋದಳು. ಬಂದರಿನ ಕಟ್ಟೆಯಲ್ಲಿ ಮೀನು ಬಿಡಿಸುವ ಕೆಲಸಕ್ಕೆ ಹೋಗುವಾಗ ಈ ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಿ ಬೆಳೆಸಿದವಳು ಅವಳೇ. ಫೋನಿನಲ್ಲಿ ಕೂಗಾಡಿದಳು.

"ಮಕ್ಕಳು ಕುಣಿಯೋ ಅಂಗಡೀಲಿ ನನ್ನ ತಮ್ಮನ ತಿಥಿನಾ?"

"ಅವರೇ ಹೇಳಿದ್ದು ಅತ್ತಿಗೆ."

"ಸಾಯೋರು ಸಾವಿರ ಹೇಳ್ತಾರೆ. ಬದುಕಿರೋರಿಗೆ ಬುದ್ಧಿ ಬೇಡ್ವಾ? ಶಾಸ್ತ್ರಕ್ಕೆ ಬರ್ತೀನಿ. ಅಲ್ಲಿ ಒಂದು ತೊಟ್ಟು ನೀರೂ ಬಾಯಿಗೆ ಹಾಕಲ್ಲ. ಅದಾದ ಮೇಲೆ ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ."

ಫೋನು ಇಟ್ಟ ಮೇಲೆ ಶಿಗೆನೊ ಲೆಕ್ಕ ಹಾಕಿದಳು. ಫುಸಾಕೊ ಉಣ್ಣದೆ ಎದ್ದು ಹೋದರೆ ಅದು ತಿಥಿಯೂಟವೇ ಅಲ್ಲ. ನಾಗಿಸಾ ಸಂಜೆ ರೈಲಿಗೆ ಸೆಂದಾಯಿಗೆ, ಗಂಡನ ಮನೆಗೆ ಹೋಗುತ್ತಾಳೆ. ಆಮೇಲೆ ಈ ಊರಿನಲ್ಲಿ ಬಾಗಿಲು ಸರಿಸಿ "ಇದೀಯೇನೇ?" ಅಂತ ಕೇಳುವ ಜೀವ ಫುಸಾಕೊ ಒಬ್ಬಳೇ. ಆದರೆ ಗಂಡನಿಗೆ ಕೊಟ್ಟ ಮಾತು ಕೊಟ್ಟದ್ದೇ.

ಅಂಗಡಿಯ ಬಾಗಿಲಲ್ಲಿ ಒಂದು ಯಂತ್ರ. ಎಷ್ಟು ಜನ ಅಂತ ಕೇಳಿತು.

"ಐದು," ಅಂದಳು ಶಿಗೆನೊ.

"ನಾಲ್ಕು ಅಮ್ಮ. ನೀನು, ನಾನು, ಅತ್ತೆ, ಗುರುಗಳು."

"ಅಪ್ಪ?" ಶಿಗೆನೊ ಚೀಲದೊಳಗಿನ ಫೋಟೊ ತೋರಿಸಿದಳು.

ನಾಗಿಸಾ ತುಟಿ ಕಚ್ಚಿಕೊಂಡು ಐದು ಒತ್ತಿದಳು. ಫುಸಾಕೊ ಅತ್ತ ಮುಖ ತಿರುಗಿಸಿದಳು. ಕಪ್ಪು ಕಿಮೊನೊ, ಕೈಯಲ್ಲಿ ಜಪಮಣಿ. ಒಳಗೆ ಕಾಲಿಟ್ಟದ್ದೇ ಅಂಗಡಿಯ ಹುಡುಗಿಯರೆಲ್ಲ ಒಂದೇ ದನಿಯಲ್ಲಿ "ಬನ್ನೀ, ಬನ್ನೀ!" ಅಂತ ಕೂಗಿದರು.

"ಸತ್ತ ಮನೆಯವರನ್ನು ಹೀಗಾ ಕರೆಯೋದು?" ಅಂದಳು ಫುಸಾಕೊ.

"ಜೀವಂತ ಇರೋರ್ನೇ ಅಲ್ವಾ ಕರೀತಿರೋದು," ಅಂದರು ಗಿಜುನ್ ಗುರುಗಳು. ಅವರ ಕಣ್ಣು ಆಗಲೇ ಬೆಲ್ಟಿನ ಮೇಲಿತ್ತು.

ಶಿಗೆನೊ ಫೋಟೊವನ್ನು ಸೋಯಾ ಶೀಶೆಗೆ ಒರಗಿಸಿದಳು. ಬರುವ ತಟ್ಟೆ ಕಾಣುವ ಹಾಗೆ ಬೆಲ್ಟಿನ ಕಡೆಗೆ ಮುಖ. ಮೊದಲ ಎಡೆ ಅವನಿಗೆ.

"ಅಪ್ಪಂಗೆ ಏನು ಒತ್ತಲಿ?" ಅಂತ ನಾಗಿಸಾ ಪರದೆಯ ಮುಂದೆ ಕೇಳಿದಳು.

"ಸಿಹಿ ಮೊಟ್ಟೆ. ಆಮೇಲೆ ಮಯೊನೈಸ್ ಹಾಕಿದ ಮೆಕ್ಕೆಜೋಳ. ಆಮೇಲೆ ಅನ್ನದ ಮೇಲೆ ಹ್ಯಾಂಬರ್ಗರ್ ಇಟ್ಟಿರ್ತಾರಲ್ಲ, ಅದು. ಕೊನೆಗೆ ಪುಡಿಂಗು."

"ಮೀನೆಲ್ಲಿ?" ಫುಸಾಕೊಗೆ ತಡೆಯಲಾಗಲಿಲ್ಲ.

"ಅವರು ತಿಂತಿದ್ದದ್ದೇ ಇದು."

"ಬಂದರಿನ ಊರಲ್ಲಿ ಹುಟ್ಟಿದ ಗಂಡಸು! ಜೋಳ!"

ನಿಜವಾದ ಸುಶಿ ಅಂಗಡಿ ಅಂದರೆ ತೊಮಿಜೊಗೆ ಭಯ. ಮದುವೆಯಾದ ಹೊಸದರಲ್ಲಿ ಅವನ ಯಜಮಾನ ಇಬ್ಬರನ್ನೂ ಒಂದಕ್ಕೆ ಕರೆದುಕೊಂಡು ಹೋಗಿದ್ದ. ಎದುರಿಗೇ ಸುಶಿ ಕಟ್ಟುವವನು ಚಾಕು ಹಿಡಿದು ನಿಂತಿದ್ದ. ಏನು ಬೇಕು ಅಂತ ಅವನು ಕೇಳಿದರೆ ತೊಮಿಜೊನ ಕಿವಿ ಕೆಂಪಾಯಿತು. ಕೊಟ್ಟದ್ದನ್ನೆಲ್ಲ ಹೌದು ಹೌದು ಅಂತ ನುಂಗಿ ಮನೆಗೆ ಬಂದು ಬ್ರೆಡ್ಡು ತಿಂದ. ಬೆಲ್ಟು ಬಂದ ಮೇಲೆ ಅವನಿಗೆ ಬಿಡುಗಡೆ. ಇಲ್ಲಿ ಯಾರೂ ಮುಖ ನೋಡುವುದಿಲ್ಲ, ಮೊಟ್ಟೆ ಕೇಳಿದರೆ ನಗುವುದಿಲ್ಲ. ಪ್ರತಿ ಭಾನುವಾರ ಬಂದ. ಒಂದೇ ತೊಂದರೆ, ಈ ಪರದೆ. ಹುರಿ ಎಳೆದೂ ಎಳೆದೂ ಅವನ ಬೆರಳು ಮರದ ಹಾಗಾಗಿತ್ತು. ಪರದೆ ಅದನ್ನು ಬೆರಳು ಅಂತಲೇ ಒಪ್ಪಲಿಲ್ಲ.

"ಮತ್ತೆ ಹೇಗೆ ಒತ್ತುತ್ತಿದ್ರು?" ಅಂದರು ಗುರುಗಳು.

"ಮೂಗಲ್ಲಿ," ಅಂದಳು ಶಿಗೆನೊ.

"ಅಮ್ಮಾ!"

"ನಿಜ ಕಣೆ. ಬಗ್ಗಿ ಮೂಗಲ್ಲಿ ಒತ್ತೋರು. ಒಂದು ಸಲ ಎರಡು ಚಿತ್ರದ ಮಧ್ಯ ಒತ್ತಿಬಿಟ್ಟು ಹಸಿ ಈರುಳ್ಳಿ ಹಾಕಿದ ಬಂಗುಡೆ ಬಂತು. ನಾನೇ ತಿಂದೆ."

ನಾಗಿಸಾ ಮೇಜಿನ ಮೇಲೆ ತಲೆ ಇಟ್ಟಳು. ಅವಳ ಬೆನ್ನು ಕುಣಿಯಿತು. ಶಿಗೆನೊಗೆ ಬೆಳಿಗ್ಗೆಯಿಂದ ಹಿಡಿದಿಟ್ಟದ್ದೆಲ್ಲ ಕಟ್ಟೆ ಒಡೆದು ಹೊರಗೆ ಬಂತು. ಗುರುಗಳು ಅಷ್ಟರಲ್ಲಿ ತಟ್ಟೆಯ ಮೇಲೆ ತಟ್ಟೆ ಇಟ್ಟು ಗೋಪುರ ಕಟ್ಟಿದ್ದರು.

"ಗುರುಗಳೇ, ಉಸಿರಾದ್ರೂ ಬಿಡಿ," ಅಂದಳು ನಾಗಿಸಾ ಕಣ್ಣು ಒರೆಸಿಕೊಂಡು.

"ತೊಮಿಜೊ ಅವರ ಹೆಸರಲ್ಲಿ ತಿಂತಿದೀನಿ ತಾಯಿ. ಇದೂ ಒಂದು ಪೂಜೆ."

ಫುಸಾಕೊ ಮಾತ್ರ ನೆಟ್ಟಗೆ ಕೂತಿದ್ದಳು. ಮುಂದಿನ ಚಹಾ ಮುಟ್ಟಿರಲಿಲ್ಲ. ಶಾಸ್ತ್ರಕ್ಕೆ ಅಂತ ಊಟದ ಕಡ್ಡಿಗಳನ್ನು ಕೈಯಲ್ಲಿ ಹಿಡಿದಿದ್ದಳು, ಅಷ್ಟೇ. ನಗು ಇಳಿದ ಮೇಲೆ ಶಿಗೆನೊ ಅವಳನ್ನು ನೋಡಿದಳು.

ಎಡೆಗೆ ಇಟ್ಟದ್ದನ್ನು ಆಮೇಲೆ ಮನೆಯವರು ತಿನ್ನಬೇಕು. ಶಿಗೆನೊ ಫೋಟೊದ ಮುಂದಿನ ಮೊಟ್ಟೆಯ ತುಂಡನ್ನು ಕಡ್ಡಿಯಲ್ಲಿ ಎತ್ತಿದಳು. ಫುಸಾಕೊಳ ತಟ್ಟೆಗೆ ಹಾಕೋಣ, ಬೈದರೆ ಬೈಯಲಿ ಅಂತ. ಅನ್ನದ ಉಂಡೆ ಕಳಚಿ ಬಿತ್ತು. ಮೊಟ್ಟೆ ಜಾರತೊಡಗಿತು. ಫುಸಾಕೊಳ ಕೈ ಎಷ್ಟೋ ವರ್ಷ ಮೀನು ಹಿಡಿದ ಕೈ. ಚಟಕ್ಕನೆ ಮುಂದೆ ಬಂದು ಕಡ್ಡಿಯಲ್ಲಿ ಹಿಡಿಯಿತು.

ಒಂದೇ ತುಂಡು, ಎರಡು ಕಡೆಯಿಂದ ಎರಡು ಜೊತೆ ಕಡ್ಡಿ. ಹಾಗೆ ಹಿಡಿಯುವುದು ಒಂದೇ ಕಡೆ. ಹೆಣ ಸುಟ್ಟ ಮೇಲೆ ಇಬ್ಬಿಬ್ಬರು ಸೇರಿ ಮೂಳೆ ಆಯುವಾಗ. ಊಟದಲ್ಲಿ ಹಾಗೆ ಹಿಡಿದರೆ ಮಕ್ಕಳಿಗೆ ಏಟು ಬೀಳುತ್ತದೆ. ಗುರುಗಳು ಸೀಗಡಿಯ ಬಾಲ ಬಾಯಿಂದ ಹೊರಗಿಟ್ಟುಕೊಂಡೇ ಕೂತರು.

"ಬಿಡಿ ಅತ್ತಿಗೆ," ಅಂದಳು ಶಿಗೆನೊ ಮೆಲ್ಲಗೆ.

"ನೀ ಬಿಡು."

"ಬಿಟ್ರೆ ಬೀಳ್ತದೆ."

"ನಾನ್ಯಾಕೆ ಬಿಡ್ಲಿ? ನನ್ನ ತಮ್ಮ. ಅವತ್ತೂ ನೀನೇ ಕೈ ಬಿಟ್ಟೆ. ನಾನೊಬ್ಳೇ ಹಿಡ್ಕೊಂಡೆ."

ಅದು ನಿಜ. ಹೆಣ ಸುಡುವ ಮನೆಯಲ್ಲಿ ಇಬ್ಬರೂ ಜೊತೆಗೆ ಎತ್ತಿದ ಮೊದಲ ಮೂಳೆಯನ್ನೇ ಶಿಗೆನೊ ಬಿಟ್ಟುಬಿಟ್ಟಿದ್ದಳು.

"ಅವತ್ತು ಬಿಟ್ಟೆ," ಅಂದಳು ಶಿಗೆನೊ. "ಇವತ್ತು ಬಿಡಲ್ಲ."

ಇಬ್ಬರೂ ಬಿಡಲಿಲ್ಲ. ಅಷ್ಟರಲ್ಲಿ ಪರದೆ ಟಿಣಿಟಿಣಿ ಹಾಡಿ, "ನೀವು ಕೇಳಿದ ಪುಡಿಂಗು ಬರ್ತಾ ಇದೆ!" ಅಂತು.

"ಗುರುಗಳೇ," ಅಂದಳು ಫುಸಾಕೊ, ಕಣ್ಣು ಮೊಟ್ಟೆಯಿಂದ ತೆಗೆಯದೆ. "ಇದು ದೊಡ್ಡ ಅಪಶಕುನ ಅಲ್ವಾ?"

ಗುರುಗಳು ಸೀಗಡಿ ನುಂಗಿದರು. ಯೋಚಿಸಿದರು. "ಶಾಸ್ತ್ರದಲ್ಲಿ ಮೂಳೆ ವಿಷಯ ಇದೆ. ಮೊಟ್ಟೆ ವಿಷಯ ನಾನು ಓದಿಲ್ಲ."

ಫುಸಾಕೊಳ ಮೂಗಿನಲ್ಲಿ ಏನೋ ಸೀಟಿ ಹೊಡೆದ ಹಾಗಾಯಿತು. ಆಮೇಲೆ ಭುಜ. ಆಮೇಲೆ ಬಾಯಿ. ನಕ್ಕಳು. ಬಂದರಿನ ಕಟ್ಟೆಯ ನಗು, ಆಚೆ ಮೇಜಿನ ಮಗು ಬೆಚ್ಚಿತು. ನಗುವಿಗೆ ಕುಲುಕುವ ಕಡ್ಡಿಗಳ ನಡುವೆ ಮೊಟ್ಟೆ ತಾನೇ ಹರಿದು ಎರಡಾಯಿತು. ಶಿಗೆನೊ ಅರ್ಧ ಬಾಯಿಗೆ ಹಾಕಿಕೊಂಡಳು. ಫುಸಾಕೊ ನಗುವಿನ ಭರದಲ್ಲಿ ಇನ್ನರ್ಧ ಹಾಕಿಕೊಂಡಳು. ಹಾಕಿಕೊಂಡ ಮೇಲೆ ಗೊತ್ತಾಯಿತು.

ಮೂರು ಜನ ಅವಳನ್ನೇ ನೋಡುತ್ತಿದ್ದರು.

"ಏನ್ ನೋಡ್ತೀರಿ?" ಅಗಿದಳು. ನುಂಗಿದಳು. ಹುಬ್ಬು ಗಂಟಿಕ್ಕಿದಳು. "ಇದು ಮಿಠಾಯಿ ಕಣೆ! ಇದನ್ನ ತಿಂತಿದ್ನಾ? ಹಾಗಾದ್ರೆ ಪ್ರತಿ ಚಳಿಗಾಲ ನಾನು ಒಣಗಿಸಿ ಕಳಿಸ್ತಿದ್ದ ಬೊಂಡಾಸ್ ಮೀನು?"

ಶಿಗೆನೊ ಚಹಾದ ಬಟ್ಟಲೊಳಗೆ ನೋಡಿದಳು. "ನಾನೇ ತಿಂತಿದ್ದೆ."

"ಎಲ್ಲಾನೂ?"

"ಬೆಕ್ಕಿಗೂ ಸ್ವಲ್ಪ."

"'ಅಕ್ಕಾ, ಬಹಳ ಚೆನ್ನಾಗಿತ್ತು' ಅಂತ ಫೋನ್ ಮಾಡ್ತಿದ್ನಲ್ಲೇ!"

"ನಾನು ಪಕ್ಕದಲ್ಲಿ ಕೂತು ಹೇಳಿಕೊಡ್ತಿದ್ದೆ. ಉಪ್ಪು ಹದವಾಗಿತ್ತು ಅನ್ನಿ, ದಪ್ಪ ಇತ್ತು ಅನ್ನಿ, ಅಂತ."

"ಕಳ್ಳ ನನ್ಮಗ," ಅಂದಳು ಫುಸಾಕೊ ಫೋಟೊಗೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಯಾವುದರದೋ. ಸೊಂಟದ ಪಟ್ಟಿ ಸಡಿಲ ಮಾಡಿಕೊಂಡಳು. ತಣ್ಣಗಾದ ಚಹಾ ಒಂದೇ ಗುಟುಕಿಗೆ ಕುಡಿದಳು. "ಈ ಸಲ ಮೀನಿನ ಕಟ್ಟು ಕಳಿಸಲ್ಲ. ನಾನೇ ತರ್ತೀನಿ. ಎದುರಿಗೆ ಕೂತು ನಿನಗೆ ತಿನ್ನಿಸ್ತೀನಿ. ಬೆಕ್ಕನ್ನ ಆಚೆ ಹಾಕಿರು."

"ಯಾವಾಗ ಬರ್ತೀರಿ?"

"ಬಂದಾಗ ಬರ್ತೀನಿ. ಹೇಳಿ ಬರೋಕೆ ನಾನೇನು ನೆಂಟಳಾ?"

ಶಿಗೆನೊ ಅವಳ ಬಟ್ಟಲಿಗೆ ಬಿಸಿ ಚಹಾ ತುಂಬಿದಳು. ಅಷ್ಟರಲ್ಲಿ ಬೆಲ್ಟಿನ ಮೇಲೆ ಕೇದರ ಮೀನಿನ ತಟ್ಟೆಯೊಂದು ಓಡುತ್ತಾ ಬಂತು. ಫುಸಾಕೊ ಕೈ ಹಾಕಿ ಎತ್ತಿಕೊಂಡು ಒಂದು ತುಂಡು ಬಾಯಿಗಿಟ್ಟಳು.

"ಅತ್ತೇ! ಅದು ಪಕ್ಕದ ಮೇಜಿನವರದು!" ಅಂತ ನಾಗಿಸಾ ಕಿರುಚಿದಳು.

"ನನ್ನ ಮುಂದೆ ಬಂತಲ್ಲ?" ಅಂದಳು ಫುಸಾಕೊ ಬಾಯಿ ತುಂಬಿಕೊಂಡು.

ಗಿಜುನ್ ಗುರುಗಳು ಎದ್ದು ನಿಂತು, ಪಕ್ಕದ ಮೇಜಿಗೆ ಕೈಮುಗಿದು ಸೊಂಟ ಬಗ್ಗಿಸಿದರು. ಅವರ ಗೋಪುರ ಢಣಾರನೆ ಬಿತ್ತು.