ಪರಿಚಯ ಭಾಷಣದಿಂದ ತೆಗೆದ ಸಾಲು

ನಮ್ಮ ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಆ ವರ್ಷ ಮುಖ್ಯ ಅತಿಥಿಯಾಗಲು ಒಪ್ಪಿದವರು ನೈರೋಬಿಯ ಲ್ಯಾವಿಂಗ್ಟನ್ ಬಡಾವಣೆಯಲ್ಲಿ ನಮ್ಮ ಕಾಂಪೌಂಡಿನಲ್ಲೇ ಇದ್ದ ಒಬ್ಬ ಅಮೆರಿಕನ್. ಮೊದಲು ತಮ್ಮ ದೇಶದಲ್ಲಿ ವಕೀಲರು, ಆಮೇಲೆ ಆಫ್ರಿಕಾದ ಹಲವು ರಾಜಧಾನಿಗಳಲ್ಲಿ ರಾಯಭಾರಿ. ನಿವೃತ್ತರಾದ ಮೇಲೂ ನೈರೋಬಿ ಬಿಟ್ಟಿರಲಿಲ್ಲ. ನಾನು ಕರಿಬೇವಿನ ಕುಂಡಕ್ಕೆ ನೀರು ಹಾಕುವಾಗ ಬೇಲಿಯಾಚೆಯಿಂದ ಮಾತಾಡಿಸುತ್ತಿದ್ದರು. ಆ ಸಲುಗೆಯಿಂದಾಗಿ ಪರಿಚಯ ಭಾಷಣ ನನ್ನ ಪಾಲಿಗೆ ಬಂತು.

ನಮ್ಮಲ್ಲಿ ಪರಿಚಯವೆಂದರೆ ಗೊತ್ತಲ್ಲ, ಅತಿಥಿ ನಾಚಿ ತಲೆ ತಗ್ಗಿಸುವವರೆಗೂ ಹೊಗಳಬೇಕು. ‘ನೆರೆದೇಶದ ಅಂತರ್ಯುದ್ಧವನ್ನೇ ನಿಲ್ಲಿಸಿದ ಶಾಂತಿದೂತರು’ ಎಂದು ನಾನೂ ಬರೆದೆ. ಅವರನ್ನು ಚಹಾಕ್ಕೆ ಕರೆದು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಾಗ, ಅವಲಕ್ಕಿಯ ತಟ್ಟೆ ಕೆಳಗಿಟ್ಟರು.

“ಆ ಸಾಲು ತೆಗೆಯಿರಿ. ಒಪ್ಪಂದಕ್ಕೆ ಸಹಿ ಹಾಕಿಸಿದ್ದು ನಿಜ. ಆ ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಗುಂಡು ಹಾರಿತು. ಅದೇ ಜನರನ್ನು ಕೂರಿಸಲು ನಾನು ಮತ್ತೆ ಹೋಗಬೇಕಾಯಿತು. ಸತ್ತವರ ಮನೆಯವರು ಇದೇ ಊರಿನಲ್ಲಿದ್ದಾರೆ. ಅದಕ್ಕೆ ನಾನು ಹೇಗೆ ಸನ್ಮಾನ ಮಾಡಿಸಿಕೊಳ್ಳಲಿ?”

ಔಷಧ ಕಂಪನಿಯಲ್ಲಿ ಮ್ಯಾನೇಜರಾಗಿದ್ದ ನಮ್ಮ ಬಳಗದ ಅಧ್ಯಕ್ಷರಿಗೆ ಫೋನು ಮಾಡಿ ವಿಷಯ ತಿಳಿಸಿದೆ.

“ಅಯ್ಯೋ ಮೇಡಂ, ಇರೋದೇ ಅದೊಂದು ಪಾಯಿಂಟು! ಅದ್ ಬಿಟ್ರೆ ಇನ್ನೇನ್ ಹೇಳ್ತೀರಾ, ಪಕ್ಕದ್ಮನೆ ಅಂಕಲ್ಲು ಅಂತಾನಾ?”

“ಅವ್ರೇ ಬೇಡ ಅಂತಿದ್ದಾರಲ್ಲ ಸರ್.”

“ನೀವ್ ಓದೋದು ಕನ್ನಡದಲ್ಲಿ ತಾನೇ? ಓದಿಬಿಡಿ. ಅವ್ರಿಗೇನ್ ಅರ್ಥ ಆಗತ್ತೆ!”

ಅದೇನೋ ನಿಜವೇ. ನಾನು ಏನು ಓದಿದರೂ ಅವರು ನಕ್ಕು ಕೈಮುಗಿಯುತ್ತಿದ್ದರು. ಆ ಕೈಮುಗಿದ ಚಿತ್ರವೇ ಕಣ್ಣಮುಂದೆ ಬಂದು, ಎರಡು ದಿನ ನನಗೆ ಅಡುಗೆಯಲ್ಲೂ ಮನಸ್ಸು ನಿಲ್ಲಲಿಲ್ಲ.

ಕಾರ್ಯಕ್ರಮದ ದಿನ ವೇದಿಕೆಯಲ್ಲಿ ನಾನು ಓದಿದ್ದು ಇಷ್ಟು: “ಇವರು ಮಾಡಿಸಿದ ಒಪ್ಪಂದ ಮುರಿದುಬಿತ್ತು. ಅದೇ ಜನರನ್ನು ಎದುರುಬದುರು ಕೂರಿಸಲು ಇವರು ಮತ್ತೆ ಹೋದರು.” ಚಪ್ಪಾಳೆ ಬೀಳಬೇಕಾದ ಕಡೆ ಸಭೆ ಸುಮ್ಮನಿತ್ತು. ಅಧ್ಯಕ್ಷರು ತಮ್ಮ ಫೋನು ನೋಡತೊಡಗಿದರು.

ಅತಿಥಿ ನನ್ನತ್ತ ಬಾಗಿ, “ಏನು ಹೇಳಿದಿರಿ? ಯಾಕೆ ಹೀಗೆ ಸುಮ್ಮನಾದರು?” ಎಂದು ಕೇಳಿದರು. ಹೇಳಿದೆ. ಅವರು ಎದ್ದು ಮೈಕಿನ ಮುಂದೆ ಹೋಗಿ, ಬೇರೆ ಪೀಠಿಕೆಯಿಲ್ಲದೆ ಆ ಮುರಿದ ಒಪ್ಪಂದದಿಂದಲೇ ಮಾತು ಶುರುಮಾಡಿದರು. ಯಾವ ಷರತ್ತನ್ನು ತಾವು ಅವಸರದಲ್ಲಿ ಬರೆಸಿದರು, ಮಾತುಕತೆಗೆ ಯಾರನ್ನು ಕರೆಯದೆ ಬಿಟ್ಟರು ಎಂಬುದನ್ನೆಲ್ಲ ಹೇಳಿದರು.

ಅಪ್ಪರ್ ಹಿಲ್ ಬಡಾವಣೆಯ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದ ನಮ್ಮ ಬಳಗದ ಹುಡುಗಿಯೊಬ್ಬಳು ಎದ್ದು, ಅಷ್ಟಾದ ಮೇಲೂ ಮತ್ತೆ ಯಾಕೆ ಹೋದಿರಿ ಎಂದು ಕೇಳಿದಳು.

“ಮೊದಲ ಸಲ ಕರೆಯದೆ ಬಿಟ್ಟವರನ್ನು ಕರೆಯಬೇಕಿತ್ತಲ್ಲ” ಎಂದರು.

ಆಮೇಲೆ ಪ್ರಶ್ನೆಯ ಮೇಲೆ ಪ್ರಶ್ನೆ. ಬಾಗಿಲಲ್ಲಿ ನಿಂತು ಊಟಕ್ಕೆ ಕೈಸನ್ನೆ ಮಾಡುತ್ತಿದ್ದವರೂ ಕೊನೆಗೆ ಒಳಗೆ ಬಂದು ಕುಳಿತರು.